ಮುದಿ ಕುದುರೆಗಳ ಆಸರೆ ಡೊರೊಥಿ ಬ್ರೂಕ್

ಹೊಲ ಉಳುವ ಎತ್ತು, ಗಾಡಿ ಎಳೆಯುವ ಕುದುರೆ, ಮೂಟೆ ಹೊರುವ ಕತ್ತೆ ಇವೆಲ್ಲ ಬದುಕಿರುವಷ್ಟು ಕಾಲ ಮನುಷ್ಯನಿಗಾಗಿ ದುಡಿಯುತ್ತವೆ. ಮುಪ್ಪು ಬಂದಾಗ, ಕಾಯಿಲೆ ಬಿದ್ದಾಗ ಅವುಗಳನ್ನು ನೋಡಿಕೊಳ್ಳುವವರು ಯಾರು? ಅಂತಹ ಮೂಕಪ್ರಾಣಿಗಳಿಗೆ ಆಸರೆಯಾದವರು ಡೊರೊಥಿ ಬ್ರೂಕ್.

ಡೊರೊಥಿಯವರು 1883ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಅವರ ಪತಿ ಜಾಫ್ರಿ ಬ್ರೂಕ್ ಸೈನ್ಯದಲ್ಲಿ ದೊಡ್ಡ ಅಧಿಕಾರಿಯಾಗಿದ್ದರು. 1930ರಲ್ಲಿ ಅವರು ಕೆಲಸದ ಮೇಲೆ ಈಜಿಪ್ಟ್ ದೇಶಕ್ಕೆ ಹೋಗಬೇಕಾಯಿತು. ಪತಿಯ ಜೊತೆ ಡೊರೊಥಿಯವರೂ ಕೈರೋ ನಗರಕ್ಕೆ ಬಂದರು.

1914ರಿಂದ 1918ರವರೆಗೆ ಮೊದಲನೆಯ ಮಹಾಯುದ್ಧ ನಡೆದಿತ್ತು. ಈಜಿಪ್ಟ್ ಮತ್ತು ಪ್ಯಾಲೆಸ್ತೀನಿನ ಮರಳುಗಾಡಿನಲ್ಲಿ ಸೈನಿಕರು ಕುದುರೆಗಳ ಮೇಲೆ ಹೋರಾಡಿದ್ದರು. ನಮ್ಮ ಮೈಸೂರಿನ ಅಶ್ವದಳವೂ 1918ರಲ್ಲಿ ಅಲ್ಲಿನ ಹೈಫಾ ಪಟ್ಟಣಕ್ಕಾಗಿ ನಡೆದ ಕದನದಲ್ಲಿ ಹೋರಾಡಿತ್ತು. ಬ್ರಿಟನ್, ಆಸ್ಟ್ರೇಲಿಯ ಮುಂತಾದ ದೇಶಗಳಿಂದ ಸಾವಿರಾರು ಕುದುರೆಗಳನ್ನು ಹಡಗುಗಳಲ್ಲಿ ತರಿಸಲಾಗಿತ್ತು. ಯುದ್ಧ ಮುಗಿಯಿತು. ಸೈನಿಕರು ತಮ್ಮ ತಮ್ಮ ಊರಿಗೆ ಮರಳಿದರು. ಆದರೆ ಕುದುರೆಗಳನ್ನು ಹಿಂದಕ್ಕೆ ಸಾಗಿಸಲು ಬಹಳ ಖರ್ಚಾಗುತ್ತಿತ್ತು. ಆದ್ದರಿಂದ ಸಾವಿರಾರು ಕುದುರೆಗಳನ್ನು ಅಲ್ಲಿಯೇ ಮಾರಿಬಿಟ್ಟರು.

ಹನ್ನೆರಡು ವರ್ಷಗಳ ಬಳಿಕ ಡೊರೊಥಿಯವರು ಆ ಕುದುರೆಗಳನ್ನು ಕೈರೋ ನಗರದಲ್ಲಿ ಕಂಡರು. ಅವು ಬಾಡಿಗೆ ಗಾಡಿ ಎಳೆಯುತ್ತಿದ್ದವು; ಕಲ್ಲುಗಣಿಗಳಲ್ಲಿ ದುಡಿಯುತ್ತಿದ್ದವು. ಅವುಗಳ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಕೆಲವು ಕುಂಟುತ್ತಿದ್ದವು, ಕೆಲವಕ್ಕೆ ಕಣ್ಣೇ ಕಾಣುತ್ತಿರಲಿಲ್ಲ. ಮೈಮೇಲಿದ್ದ ಬಾಣದ ಮುದ್ರೆಯಿಂದ ಅವು ಸೈನ್ಯದ ಕುದುರೆಗಳೆಂದು ತಿಳಿಯುತ್ತಿತ್ತು.

ಡೊರೊಥಿಯವರು ಮೊದಮೊದಲು ಕೊಂಡ ಕುದುರೆಗಳಲ್ಲಿ ಒಂದರ ಹೆಸರು 'ಓಲ್ಡ್ ಬಿಲ್', ಅಂದರೆ ಮುದುಕ ಬಿಲ್. ಆದರೆ ಎಲ್ಲ ಕುದುರೆಗಳನ್ನು ಕೊಳ್ಳಲು ಒಬ್ಬರ ಹಣ ಸಾಲದು. ಅವರು 1931ರಲ್ಲಿ ಲಂಡನ್ನಿನ 'ಮಾರ್ನಿಂಗ್ ಪೋಸ್ಟ್' ಪತ್ರಿಕೆಗೆ ಒಂದು ಪತ್ರ ಬರೆದರು. ದೇಶಕ್ಕಾಗಿ ದುಡಿದ ಕುದುರೆಗಳ ದುಃಸ್ಥಿತಿಯನ್ನು ಅದರಲ್ಲಿ ತಿಳಿಸಿ, ನೆರವು ಕೋರಿದರು. ಪತ್ರ ಓದಿದ ಜನರ ಮನ ಕರಗಿತು. ಅವರು ಹಣ ಕಳುಹಿಸಿದರು. ಡೊರೊಥಿಯವರು ಒಂದು ಸಮಿತಿಯನ್ನು ಮಾಡಿಕೊಂಡು ಕುದುರೆಗಳನ್ನು ಕೊಳ್ಳತೊಡಗಿದರು. ಮೂರು ವರ್ಷಗಳಲ್ಲಿ ಸುಮಾರು 5,000 ಕುದುರೆಗಳು ಬಿಡುಗಡೆ ಹೊಂದಿದವು.

ಆ ಕುದುರೆಗಳಲ್ಲಿ ಹೆಚ್ಚಿನವು ತೀರ ಮುದಿಯಾಗಿದ್ದವು. ಅವುಗಳ ಕಾಯಿಲೆ ಗುಣವಾಗುವಂತಿರಲಿಲ್ಲ. ಲಾಯದಲ್ಲಿ ಅವುಗಳಿಗೆ ಮೆತ್ತನೆಯ ಹುಲ್ಲುಹಾಸು, ಹೊಟ್ಟೆ ತುಂಬ ಮೇವು, ನೀರು ದೊರೆಯುತ್ತಿತ್ತು. ಅವು ಕೆಲವು ದಿನ ನೆಮ್ಮದಿಯಾಗಿ ಇರುತ್ತಿದ್ದವು. ಬಳಿಕ, ಇನ್ನಷ್ಟು ನರಳಬಾರದೆಂದು ಅವುಗಳನ್ನು ನೋವಿಲ್ಲದಂತೆ ಚಿರನಿದ್ರೆಗೆ ಕಳುಹಿಸಲಾಗುತ್ತಿತ್ತು. ಕುದುರೆಗಳನ್ನು ಪ್ರೀತಿಸುತ್ತಿದ್ದ ಡೊರೊಥಿಯವರಿಗೆ ಇದು ಬಹಳ ಕಷ್ಟದ ಕೆಲಸವಾಗಿತ್ತು. ಆದರೂ ಅವುಗಳ ಹಿತಕ್ಕಾಗಿ ಅವರು ಮನಸ್ಸನ್ನು ಗಟ್ಟಿ ಮಾಡಿಕೊಂಡರು.

ಆ ಕುದುರೆಗಳ ಒಡೆಯರಲ್ಲಿ ಅನೇಕರು ಕಡುಬಡವರು. ಕುದುರೆ ದುಡಿದರೆ ಮಾತ್ರ ಅವರ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಕುದುರೆಗೆ ಮದ್ದು ಹಾಕಿಸಲು ಅವರ ಬಳಿ ಹಣವಿರಲಿಲ್ಲ. ಡೊರೊಥಿಯವರು ಇದನ್ನು ಅರಿತಿದ್ದರು. ಮುದಿ ಕುದುರೆಗಳನ್ನು ಕೊಂಡ ಮಾತ್ರಕ್ಕೆ ಕಷ್ಟ ತೀರದು. ಬಡವನ ಕುದುರೆಗೆ ಸಕಾಲದಲ್ಲಿ ಮದ್ದು ಸಿಗದಿದ್ದರೆ ಅದಕ್ಕೂ ನಾಳೆ ಅದೇ ಪಾಡು ಬರುತ್ತದೆ. ಆದ್ದರಿಂದ 1934ರಲ್ಲಿ ಕೈರೋದಲ್ಲಿ ಮುದಿ ಯುದ್ಧಾಶ್ವಗಳ ನೆನಪಿಗಾಗಿ ಒಂದು ಆಸ್ಪತ್ರೆಯನ್ನು ತೆರೆದರು. ಅಲ್ಲಿ ಬಡವರ ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಉಚಿತವಾಗಿ ಚಿಕಿತ್ಸೆ ನೀಡಲಾಯಿತು. ಇದರಿಂದ ಪ್ರಾಣಿಯ ಜೀವವೂ ಉಳಿಯಿತು, ಬಡವನ ಬದುಕೂ ಉಳಿಯಿತು.

ಡೊರೊಥಿಯವರು 1955ರಲ್ಲಿ ಕೈರೋ ನಗರದಲ್ಲಿಯೇ ನಿಧನರಾದರು. ಅವರು ಆರಂಭಿಸಿದ ಕೆಲಸ ಮಾತ್ರ ನಿಲ್ಲಲಿಲ್ಲ. ಮುಂದೆ ಅವರ ಆಸ್ಪತ್ರೆಗೆ 'ಬ್ರೂಕ್' ಎಂಬ ಅವರ ಹೆಸರೇ ಬಂದಿತು. ಅದು ಬೆಳೆದು, ಏಷ್ಯಾ ಮತ್ತು ಆಫ್ರಿಕಾ ಖಂಡಗಳ ಹಲವು ದೇಶಗಳಲ್ಲಿ ದುಡಿಯುವ ಪ್ರಾಣಿಗಳ ಸೇವೆ ಮಾಡುವ ಸಂಸ್ಥೆಯಾಯಿತು.

ಮಕ್ಕಳೇ, ಪ್ರಾಣಿಗಳಿಗೆ ತಮ್ಮ ನೋವನ್ನು ಹೇಳಿಕೊಳ್ಳಲು ಬಾಯಿಲ್ಲ. ನಮಗೆ ಅದನ್ನು ಕಾಣುವ ಕಣ್ಣಿದೆ. ಡೊರೊಥಿಯವರು ಕಂಡು ಸುಮ್ಮನೆ ಮುಂದೆ ಹೋಗಲಿಲ್ಲ, ನಿಂತು ನೆರವಾದರು. ಬಿಸಿಲಲ್ಲಿ ಬಾಯಾರಿ ನಿಂತ ಎತ್ತಿಗೋ ಕುದುರೆಗೋ ಒಂದು ಬಕೆಟ್ ನೀರು ಇಡಲು ನಮ್ಮಿಂದಲೂ ಆಗುತ್ತದೆ, ಅಲ್ಲವೇ?