ಸಮಾನ ವೇತನದ ಸಚಿವೆ ಬಾರ್ಬರಾ ಕ್ಯಾಸಲ್

ಬ್ರಿಟನ್ ಸರ್ಕಾರದಲ್ಲಿ ಈಗ ಮಹಿಳೆಯರು ಮತ್ತು ಸಮಾನತೆಯ ವಿಷಯಕ್ಕೆಂದೇ ಒಬ್ಬ ಸಚಿವರಿರುತ್ತಾರೆ. ಮಹಿಳೆಯರಿಗಾಗಿ ಸಚಿವರನ್ನು ಅಲ್ಲಿ ಮೊದಲು ನೇಮಿಸಿದ್ದು 1997ರಲ್ಲಿ. ಅದಕ್ಕೂ ಸುಮಾರು 30 ವರ್ಷ ಮೊದಲು ಆ ಹೆಸರಿನ ಹುದ್ದೆ ಇಲ್ಲದೆಯೇ ಆ ಕೆಲಸವನ್ನು ಮಾಡಿದವರು ಬಾರ್ಬರಾ ಕ್ಯಾಸಲ್.

ಅವರು 1910ರ ಅಕ್ಟೋಬರ್ 6ರಂದು ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್‌ನಲ್ಲಿ ಜನಿಸಿದರು. ತಂದೆ ತೆರಿಗೆ ಇಲಾಖೆಯ ಅಧಿಕಾರಿ. ಆಕ್ಸ್‌ಫರ್ಡಿನಲ್ಲಿ ಓದಿ ಪತ್ರಕರ್ತೆಯಾದರು. 1945ರಲ್ಲಿ ಹತ್ತಿ ಗಿರಣಿಗಳ ಊರಾದ ಬ್ಲ್ಯಾಕ್‌ಬರ್ನ್‌ನಿಂದ ಲೇಬರ್ ಪಕ್ಷದ ಸಂಸದೆಯಾಗಿ ಆಯ್ಕೆಯಾದರು. 1965ರಲ್ಲಿ ಸಾರಿಗೆ ಸಚಿವೆಯಾದರು. ತಮಾಷೆಯೆಂದರೆ ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆದರೂ ಕುಡಿದು ಗಾಡಿ ಓಡಿಸುವವರನ್ನು ಹಿಡಿಯಲು ಉಸಿರಿನ ಪರೀಕ್ಷೆ ತಂದರು. ಗಂಡಸರು ಸಿಟ್ಟಾದರು, ಅವರು ಹಿಂದೆ ಸರಿಯಲಿಲ್ಲ.

1968ರಲ್ಲಿ ಅವರಿಗೆ ಉದ್ಯೋಗ ಖಾತೆ ಸಿಕ್ಕಿತು. ಅದೇ ಜೂನ್‌ನಲ್ಲಿ ಡಾಗೆನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಸೀಟಿನ ಹೊದಿಕೆ ಹೊಲಿಯುತ್ತಿದ್ದ 187 ಮಹಿಳೆಯರು ಮುಷ್ಕರ ಹೂಡಿದರು. ಕಂಪನಿ ಅವರನ್ನು ಕೌಶಲವಿಲ್ಲದ ಕೆಲಸಗಾರರ ದರ್ಜೆಯಲ್ಲಿ ಇಟ್ಟಿತ್ತು. ಅದರಲ್ಲೂ ಆ ದರ್ಜೆಯ ಗಂಡಸಿಗೆ ಸಿಗುವ ಕೂಲಿಯ ಶೇ. 85 ಮಾತ್ರ ಕೊಡುತ್ತಿತ್ತು. ಹೊಲಿಗೆ ಯಂತ್ರದ ಮುಂದೆ ಒಂದು ದಿನ ಕೂತವರು ಯಾರೂ ಅದನ್ನು ಕೌಶಲವಿಲ್ಲದ ಕೆಲಸ ಎನ್ನಲಾರರು. ಸೀಟಿಲ್ಲದೆ ಕಾರು ಮಾರಲು ಆಗುವುದಿಲ್ಲ, ಉತ್ಪಾದನೆ ನಿಂತಿತು. ಮೂರು ವಾರಗಳ ನಂತರ ಬಾರ್ಬರಾ ಆ ಮಹಿಳೆಯರ ಪ್ರತಿನಿಧಿಗಳನ್ನು ತಮ್ಮ ಕಚೇರಿಗೆ ಕರೆಸಿ, ಚಹಾ ಕೊಟ್ಟು ಮಾತನಾಡಿದರು. ಕೂಲಿ ಶೇ. 92ಕ್ಕೆ ಏರಿತು. ದರ್ಜೆ ಮಾತ್ರ ಬದಲಾಗಲಿಲ್ಲ.

1970ರಲ್ಲಿ ಅವರು ಸಮಾನ ವೇತನ ಕಾಯ್ದೆ ತಂದರು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣಿಗೂ ಗಂಡಿಗೂ ಒಂದೇ ವೇತನ. ಆದರೆ ವೇತನದ ಖರ್ಚು ಹೆಚ್ಚುತ್ತದೆಂದು ಮಾಲೀಕರಿಗೆ 1975ರ ಕೊನೆಯವರೆಗೆ ಕಾಲಾವಕಾಶ ಕೊಡಲಾಯಿತು. ನನಗೆ ಇದು ಅತಿಯಾಯಿತು ಅನ್ನಿಸುತ್ತದೆ. ಆ ಐದು ವರ್ಷಗಳಲ್ಲಿ ಕೆಲವು ಕಂಪನಿಗಳು ಕೆಲಸಗಳ ಹೆಸರು ಬದಲಿಸಿ, ಹೆಂಗಸರ ಕೆಲಸವನ್ನೇ ಬೇರೆ ಮಾಡಿ ತೋರಿಸಿದವು.

ಮುಂದೆ ಸಾಮಾಜಿಕ ಸೇವೆಗಳ ಸಚಿವೆಯಾಗಿ 1975ರಲ್ಲಿ ಮಕ್ಕಳ ಭತ್ಯೆಯ ಕಾಯ್ದೆ ತಂದರು. ಅದುವರೆಗೆ ಮಕ್ಕಳ ಹೆಸರಿನ ತೆರಿಗೆ ವಿನಾಯಿತಿ ಸಾಮಾನ್ಯವಾಗಿ ತಂದೆಯ ಸಂಬಳಕ್ಕೆ ಸೇರುತ್ತಿತ್ತು. ಇನ್ನು ಮುಂದೆ ಹಣ ತಾಯಿಯ ಕೈಗೇ ಸಿಗುವಂತಾಯಿತು, ಮೊದಲನೇ ಮಗುವಿಗೂ ಸೇರಿಸಿ. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಯಾವ ಅಮ್ಮಿಯನ್ನು ಕೇಳಿದರೂ ಹೇಳುತ್ತಾರೆ.

ಭತ್ಯೆ ಜಾರಿಯಾಗುವ ಮೊದಲೇ, 1976ರಲ್ಲಿ, ಹೊಸ ಪ್ರಧಾನಿ ಕ್ಯಾಲಹನ್ ಅವರನ್ನು ಸಂಪುಟದಿಂದ ಕೈಬಿಟ್ಟರು. ವಯಸ್ಸಾಯಿತು ಎಂಬುದು ಕಾರಣ. ಕ್ಯಾಲಹನ್ ಅವರಿಗಿಂತ ಎರಡು ವರ್ಷವೂ ಚಿಕ್ಕವರಲ್ಲ! ಬಾರ್ಬರಾ ಮುಂದೆ ಹತ್ತು ವರ್ಷ ಯುರೋಪಿನ ಸಂಸತ್ತಿನಲ್ಲಿದ್ದರು. ಡಾಗೆನ್‌ಹ್ಯಾಮ್‌ನ ಹೊಲಿಗೆಯವರಿಗೆ ಕುಶಲ ಕೆಲಸಗಾರರ ದರ್ಜೆ ಸಿಕ್ಕಿದ್ದು 1984ರಲ್ಲಿ, ಇನ್ನೊಂದು ಮುಷ್ಕರದ ನಂತರ. ದೃಷ್ಟಿ ಮಂದವಾದ ಮೇಲೂ ಬಾರ್ಬರಾ ವೃದ್ಧರ ಪಿಂಚಣಿಗಾಗಿ ತಮ್ಮದೇ ಪಕ್ಷದ ಸರ್ಕಾರದೊಂದಿಗೆ ಜಗಳವಾಡುತ್ತಿದ್ದರು. 2002ರ ಮೇ 3ರಂದು, 91ನೇ ವಯಸ್ಸಿನಲ್ಲಿ ನಿಧನರಾದರು.