ಒಂದು ಬಸ್ಸಿನಿಂದ ಹೊರಟ ಜಿ.ಡಿ. ನಾಯ್ಡು

ಬೆಳ್ಳಿಹಬ್ಬದ ಈ ಸಂಚಿಕೆಗೆ ದೊಡ್ಡವರೊಬ್ಬರ ಜೀವನಚರಿತ್ರೆ ಬರೆದುಕೊಡಿ ಅಂತ ಸಂಘದವರು ಕೇಳಿದಾಗ ನಮಗೆ ನೆನಪಾದವರು ಕೊಯಮತ್ತೂರಿನ ಜಿ.ಡಿ. ನಾಯ್ಡು. ಬಸ್ಸು ಹೊತ್ತಿಗೆ ಬಾರದಿದ್ದರೆ ಹಳ್ಳಿಯವರ ಪಾಡೇನು ಎಂಬುದು ಅರಳಿಕಟ್ಟೆಯ ಮೇಲೆ ಕಾದು ಕೂತ ನಮಗೆಲ್ಲ ಗೊತ್ತು. ಸಂತೆಗೆ ಹೊರಟ ಸೊಪ್ಪು ಬಾಡುತ್ತದೆ, ಕೋರ್ಟಿನ ವಾಯಿದೆ ತಪ್ಪುತ್ತದೆ, ಮಕ್ಕಳು ಪರೀಕ್ಷೆಗೆ ತಡವಾಗಿ ಅಳುತ್ತಾ ವಾಪಸ್ಸು ಬರುತ್ತಾರೆ. ಬಸ್ಸನ್ನು ನಂಬುವ ಹಾಗೆ ಓಡಿಸಿ ತೋರಿಸಿದವರು ಈ ಮಹನೀಯರು.

ಗೋಪಾಲಸ್ವಾಮಿ ದೊರೆಸ್ವಾಮಿ ನಾಯ್ಡು ಹುಟ್ಟಿದ್ದು 1893ರ ಮಾರ್ಚ್ 23ರಂದು, ಕೊಯಮತ್ತೂರು ಸಮೀಪದ ಕಲಂಗಲ್ ಎಂಬ ಹಳ್ಳಿಯ ರೈತಾಪಿ ಮನೆಯಲ್ಲಿ. ಶಾಲೆಯ ಓದು ತಲೆಗೆ ಹತ್ತಲಿಲ್ಲ. ಹರೆಯದಲ್ಲಿ ಬಿಳಿಯ ಅಧಿಕಾರಿಯೊಬ್ಬರ ಮೋಟಾರ್ ಸೈಕಲ್ ಕಂಡದ್ದೇ ತಡ, ಹಗಲೂ ರಾತ್ರಿ ಅದರದೇ ಧ್ಯಾನ. ಕೊಯಮತ್ತೂರು ಸೇರಿ ಹೋಟೆಲಿನಲ್ಲಿ ಮಾಣಿಯಾಗಿ ದುಡಿದರು. ಕಾಸಿಗೆ ಕಾಸು ಕೂಡಿಸಿ 300 ರೂಪಾಯಿಗೆ ಆ ಗಾಡಿಯನ್ನೇ ಕೊಂಡರು. ಬಿಚ್ಚಿದರು, ಮತ್ತೆ ಜೋಡಿಸಿದರು. ಅವರ ಪಾಲಿಗೆ ಅದೇ ಪಾಠಶಾಲೆ.

ಮುಂದೆ ಹತ್ತಿ ವ್ಯಾಪಾರಕ್ಕಿಳಿದು ಮುಂಬಯಿಯಲ್ಲಿ ಕೈ ಸುಟ್ಟುಕೊಂಡರು. ಸೋತು ಬಂದವರಿಗೆ ಯಾರು ತಾನೇ ದುಡ್ಡು ಕೊಡುತ್ತಾರೆ? ಆದರೆ ಕೊಯಮತ್ತೂರಿನ ಉದ್ಯಮಿ ರಾಬರ್ಟ್ ಸ್ಟೇನ್ಸ್ ಈ ಯುವಕನನ್ನು ನಂಬಿ ಸಾಲ ಕೊಟ್ಟರು. ಅದಕ್ಕೆ ತಮ್ಮ ಹಣ ಸೇರಿಸಿ ನಾಯ್ಡು ಒಂದು ಬಸ್ಸು ತಂದರು. 1920ರಲ್ಲಿ ಅದು ಪೊಳ್ಳಾಚಿ–ಪಳನಿ ದಾರಿಯಲ್ಲಿ ಓಡಿತು. ಮಾಲೀಕರೂ ಅವರೇ, ಡ್ರೈವರೂ ಅವರೇ!

ಒಂದು ಬಸ್ಸು ಬೆಳೆದು ಯೂನಿವರ್ಸಲ್ ಮೋಟಾರ್ ಸರ್ವಿಸ್ ಆಯಿತು. 1933ರ ಹೊತ್ತಿಗೆ ಬಸ್ಸುಗಳ ಸಂಖ್ಯೆ ಇನ್ನೂರನ್ನು ದಾಟಿತ್ತು. ದೇಶದಲ್ಲೇ ಅಚ್ಚುಕಟ್ಟಾದ ಸರ್ವಿಸು ಎಂದು ಹೆಸರಾಯಿತು. ಇದರ ಗುಟ್ಟು ಬಂಡವಾಳವಲ್ಲ, ಶಿಸ್ತು. ಹೊತ್ತು ಮೀರಬಾರದು, ದಾರಿಯಲ್ಲಿ ಗಾಡಿ ಕೆಡಬಾರದು, ಟಿಕೆಟ್ ಹಣ ಸೋರಬಾರದು. ಎಂಜಿನ್ನಿನ ದೋಷ ಹಿಡಿಯಲು, ಟಿಕೆಟ್ ಕೊಡಲು ಕೂಡ ತಾವೇ ಯಂತ್ರ ಮಾಡಿಕೊಂಡರು.

ನಾಯ್ಡು ಬಸ್ಸಿಗೇ ನಿಲ್ಲಲಿಲ್ಲ. ಡಿ. ಬಾಲಸುಂದರಂ ನಾಯ್ಡು ಅವರ ಜೊತೆಗೂಡಿ 1937ರಲ್ಲಿ ನಮ್ಮ ದೇಶದ್ದೇ ಆದ ವಿದ್ಯುತ್ ಮೋಟಾರನ್ನು ಹೊರತಂದರು. ತಾವು ಓದದಿದ್ದರೂ ಹುಡುಗರು ಕೈಕೆಲಸ ಕಲಿಯಲಿ ಅಂತ 1945ರಲ್ಲಿ ಕೊಯಮತ್ತೂರಿನಲ್ಲಿ ತಾಂತ್ರಿಕ ಶಿಕ್ಷಣ ಸಂಸ್ಥೆ ಆರಂಭಿಸಲು ಮುಂದೆ ನಿಂತರು. 1974ರ ಜನವರಿ 4ರಂದು ತೀರಿಕೊಂಡರು.

ಸಾಲ ಮಾಡಿ ಆಟೋ, ಟೆಂಪೋ ತಂದು ಜನರನ್ನೂ ಬೆಳೆಯನ್ನೂ ಪೇಟೆಗೆ ಮುಟ್ಟಿಸುವ ಹುಡುಗರು ನಮ್ಮೂರಲ್ಲೂ ಇದ್ದಾರೆ. ಅವರಿಗೆ ನಾವು ಹೇಳುವುದಿಷ್ಟೇ: ಹೊತ್ತಿಗೆ ಸರಿಯಾಗಿ ಹೊರಡಿ, ಗಾಡಿಯನ್ನು ಚೆನ್ನಾಗಿಟ್ಟುಕೊಳ್ಳಿ, ಕಂತು ತಪ್ಪಿಸಬೇಡಿ. ಸದಸ್ಯ ಬಂಧುಗಳಿಗೂ ಒಂದು ಮಾತು. ಒಮ್ಮೆ ಸೋತವನು ಮತ್ತೆ ಅರ್ಜಿ ಹಿಡಿದು ಬಂದರೆ ಕೂಡಲೇ ತಳ್ಳಿಹಾಕಬೇಡಿ. ಅವನ ಕಸುಬನ್ನೂ ನಡತೆಯನ್ನೂ ನೋಡಿ. ಸ್ಟೇನ್ಸ್ ಅಂದು ಬಾಗಿಲು ಹಾಕಿಕೊಂಡಿದ್ದರೆ ಆ ಮೊದಲ ಬಸ್ಸು ಹೊರಡುತ್ತಿತ್ತೇ?