ಗಡಿ ದಾಟಿದರೂ ಕೆಡದ ನಿದ್ದೆ

ಬೆಲ್ಜಿಯಂನ ಲೀಜ್ ನಗರದ ಬ್ಯಾಂಕರ್ ಮನೆತನದಲ್ಲಿ 1845ರಲ್ಲಿ ಜನಿಸಿದ ಜಾರ್ಜ್ ನಾಗೆಲ್‌ಮಾಕರ್ಸ್ ಅಮೆರಿಕಕ್ಕೆ ತೆರಳಿದ್ದು ಉದ್ಯಮಕ್ಕಲ್ಲ, ಪ್ರೇಮಭಂಗದ ನೋವು ಮರೆಯಲು. ಅಲ್ಲಿ ಅವರನ್ನು ಸೆಳೆದದ್ದು ಪುಲ್‌ಮನ್ ಕಂಪನಿಯ ಮಲಗುವ ಬೋಗಿಗಳು. ಆದರೆ ಬರಿಯ ಪರದೆಯ ಮರೆಯಲ್ಲಿ ಅಪರಿಚಿತರ ನಡುವೆ ನಿದ್ರಿಸುವುದು ಯುರೋಪಿನವರಿಗೆ ಒಗ್ಗದೆಂದರಿತು, ಬಾಗಿಲುಳ್ಳ ಪ್ರತ್ಯೇಕ ಕೋಣೆಗಳನ್ನು ಯೋಜಿಸಿದರು. ಹಾಸಿಗೆ ಒದಗಿಸುವುದು ಸುಲಭವೇ. ದೇಶದಿಂದ ದೇಶಕ್ಕೆ ಹೋಗುವವರು ಗಡಿಯಲ್ಲಿ ಎದ್ದು ರೈಲು ಬದಲಿಸಬೇಕಿದ್ದ ಕಾಲವದು! ತಮ್ಮ ಬೋಗಿಯನ್ನು ಗಡಿಯಾಚೆಗೂ ಎಳೆದೊಯ್ಯುವಂತೆ ಒಂದೊಂದೇ ರೈಲ್ವೆಯನ್ನು ಅವರು ಒಪ್ಪಿಸಬೇಕಾಯಿತು. 1876ರಲ್ಲಿ ಅವರ ಅಂತಾರಾಷ್ಟ್ರೀಯ ವಾಗೋಂ-ಲಿ ಕಂಪನಿ ನೆಲೆಗೊಂಡಿತು. 1883ರ ಅಕ್ಟೋಬರ್ 4ರಂದು ಪ್ಯಾರಿಸ್‌ನಿಂದ ಓರಿಯಂಟ್ ಎಕ್ಸ್‌ಪ್ರೆಸ್ ಹೊರಟಿತಾದರೂ ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ಸೇರಲು ಪ್ರಯಾಣಿಕರು ಡಾನ್ಯೂಬ್ ದಾಟಿ ಬೇರೆ ರೈಲು ಹಿಡಿದು, ವಾರ್ನಾದಲ್ಲಿ ಹಡಗೇರಬೇಕಿತ್ತು. ಎಲ್ಲಿಯೂ ಇಳಿಯದೆ ಮಲಗಿಯೇ ಸಾಗುವ ಸೌಕರ್ಯ ಒದಗಿದ್ದು 1889ರಲ್ಲಿ. ಅದನ್ನು ಕಂಡ ನಾಗೆಲ್‌ಮಾಕರ್ಸ್ 1905ರಲ್ಲಿ, 60ನೇ ವಯಸ್ಸಿನಲ್ಲಿ ನಿಧನರಾದರು.